ಶ್ರಾದ್ಧ ಮುಗಿದಿದ್ದ ಗೆಳೆಯನೊಡನೆ ತುಂಬಿದ ಹೊಳೆಗೆ

ಊರಿಗೆ ಮರಳಿ ಎರಡು ತಿಂಗಳಾಯಿತು. ಬಚ್ಚಲ ಹಂಡೆಯಲ್ಲಿ ತಂಬಿಗೆ ತೇಲಿ ಒಂದು ಸುತ್ತು ತಿರುಗಿದರೆ ಸಾಕು, ಈಗಲೂ ನಾನು ಗೋಡೆ ಹಿಡಿದುಕೊಂಡು ನಿಲ್ಲುತ್ತೇನೆ.

ಪರದೇಶಕ್ಕೆ ಹೋಗಿದ್ದೆ ಎಂದರೆ ಮನೆಯವರು ನಗುತ್ತಾರೆ. ಹಡಗು ಹತ್ತಲಿಲ್ಲ, ಕಾಲುಚೀಲ ಹಾಕಲಿಲ್ಲ, ಅಲ್ಲಿಯೂ ಕನ್ನಡವೇ. ಆದರೆ ಮೈಸೂರು ಸೀಮೆ ಬಿಟ್ಟು ಐದು ದಿನದೊಳಗೆ ಮದರಾಸು ಸರ್ಕಾರದ ನೆಲ ಮೆಟ್ಟಿದೆ, ಅದರ ನಡುವೆಯೇ ಬೇರೊಬ್ಬ ರಾಜರಿಗೆ ಸೇರಿದ ಸಂಡೂರಿನ ಕಣಿವೆ ಹೊಕ್ಕೆ, ಹೊಳೆಯ ನಡುವೆ ನಿಂತು ಆಚೆ ದಡದ ನಿಜಾಮರ ರಾಜ್ಯವನ್ನೂ ಕಂಡೆ. ಇದಲ್ಲದೆ ನಾನು ಕಂಡ ಇನ್ನೊಂದು ಗಡಿ ಇದೆ. ಅದನ್ನು ದಾಟಿದೆನೋ ಇಲ್ಲವೋ ಎಂಬುದು ಸ್ವಲ್ಪ ಕಾಲ ನನಗೇ ತಿಳಿಯಲಿಲ್ಲ.

ನಾನು ಮನೋರೋಗಿಗಳಿಗೆ ಚಿಕಿತ್ಸೆ ಮಾಡುವ ವೈದ್ಯ. ಔಷಧಕ್ಕಿಂತ ಮಾತಿನಿಂದ ವಾಸಿಮಾಡುವ ಹೊಸ ಪದ್ಧತಿಯಲ್ಲಿ ನನಗೆ ಆಸಕ್ತಿ. ವೈದ್ಯಕ್ಕೆ ಸೇರುವ ಮೊದಲು ಕಾಲೇಜಿನಲ್ಲಿ ತತ್ವಶಾಸ್ತ್ರ ಓದಿದ್ದೆ. ಆಸ್ಪತ್ರೆಗೆ ಸೇರಿದ ದಿನವೇ ನನ್ನ ಹಿರಿಯರು, "ಆ ಗೊಡ್ಡು ಚರ್ಚೆಯನ್ನೆಲ್ಲ ಗೇಟಿನ ಹೊರಗೆ ಬಿಟ್ಟು ಬಾ" ಎಂದಿದ್ದರು. ನಾನು ವಿಧೇಯ. ಪುಸ್ತಕಗಳನ್ನು ಟ್ರಂಕಿಗೆ ತುಂಬಿ ಅಟ್ಟಕ್ಕೆ ಹಾಕಿದ್ದೆ.

ಹೊಸಪೇಟೆ

ಗುಂತಕಲ್ಲಿನಲ್ಲಿ ರೈಲು ಬದಲಿಸಿ ಹೊಸಪೇಟೆಯಲ್ಲಿ ಇಳಿದಾಗ ಆಷಾಢದ ಕೊನೆ. ನಮ್ಮಲ್ಲಿ ಜಡಿಮಳೆ, ಇಲ್ಲಿ ಒಣಗಾಳಿ, ಬಿಸಿಲು. ಟಾಂಗಾದವನು ನನ್ನ ಮಾತು ಕೇಳಿ ಹಿಂತಿರುಗಿ ನೋಡಿದ.

"ಯಾವ ದೇಶದವ್ರಿ ನೀವು?"

"ಮೈಸೂರು ಕಡೆ."

"ಹಂಗನ್ರಿ, ರಾಗಿ ದೇಶ! ಅದಕ್ಕ ಮಾತು ಮುದ್ದಿಯಂಗ ಮೆತ್ತಗ ಬರ್ತಾವ."

ಸ್ಟೇಷನ್ನಿನ ಎದುರಿನ ಅಂಗಡಿಯಲ್ಲಿ ಮಂಡಾಳು (ನಮ್ಮ ಕಡಲೆಪುರಿಯ ಪುರಿ) ಒಗ್ಗರಣೆಯ ಜೊತೆ ಮೆಣಸಿನಕಾಯಿ ಬಜ್ಜಿ ಕೊಟ್ಟರು. ನಮ್ಮಲ್ಲಿ ಮೆಣಸಿನಕಾಯಿ ಊಟಕ್ಕೆ ಬರುವ ನೆಂಟ. ಇಲ್ಲಿ ಅದೇ ಮನೆಯ ಯಜಮಾನ. ಕಣ್ಣೀರು ಒರೆಸಿಕೊಳ್ಳುತ್ತಲೇ ಶ್ಯಾಮನ ಮನೆ ತಲುಪಿದೆ. ಸಾವಿನ ಮನೆಗೆ ಬಂದವನ ಮುಖ ನನಗೆ ತಾನಾಗಿ ಒದಗಿತ್ತು.

ಶ್ಯಾಮ ಕಾಲೇಜಿನಲ್ಲಿ ನನ್ನ ಜೊತೆ ಹಾಸ್ಟೆಲಿನ ಒಂದೇ ಕೋಣೆಯಲ್ಲಿದ್ದವನು. ತತ್ವಶಾಸ್ತ್ರದ ತರಗತಿಯಲ್ಲಿ ಪಕ್ಕದ ಜಾಗ. ಓದು ಮುಗಿಸಿ ತನ್ನೂರಿನ ತಹಶೀಲು ಕಚೇರಿಯಲ್ಲಿ ಗುಮಾಸ್ತನಾದ. ಎರಡು ವರ್ಷದ ಹಿಂದೆ, ಶ್ರಾವಣದಲ್ಲಿ, ನಾಗರಪಂಚಮಿಯ ಮರುದಿನ, ಆನೆಗೊಂದಿಯ ಬಳಿ ಯತಿಗಳ ವೃಂದಾವನಗಳಿರುವ ನಡುಗಡ್ಡೆಗೆ ಹರಿಗೋಲಿನಲ್ಲಿ ಹೋಗುವಾಗ ಹೊಳೆಗೆ ಬಿದ್ದನೆಂದು ಸುದ್ದಿ ಬಂದಿತ್ತು. ನಾನು ಸಂತಾಪದ ಕಾರ್ಡು ಬರೆದಿದ್ದೆ. ಈಗ ಅವನ ತಂದೆ ಭೀಮಸೇನಾಚಾರ್ಯರಿಂದ ಕಾಗದ ಬಂದಿತ್ತು: "ಮಗ ಬಂದು ಎಂಟು ತಿಂಗಳಾಯಿತು. ತಾನು ಸತ್ತಿದ್ದೇನೆ ಎನ್ನುತ್ತಾನೆ. ನೀವು ಬರಬೇಕು."

ಮನೆಯೊಳಗೆ ಗೋಡೆಯ ಮೇಲೆ ಶ್ಯಾಮನ ಪಟ. ಅದಕ್ಕೆ ಒಣಗಿದ ತುಳಸಿ ಮಾಲೆ. ಅದರ ನೇರಕ್ಕೆ, ಹೊರಗಿನ ಜಗುಲಿಯ ಮೇಲೆ, ಶ್ಯಾಮ ಕುಳಿತಿದ್ದ.

"ಲೇ ಸುಬ್ಬು, ನೀನೂ ಬಂದ್ಯಾ?" ಎಂದ. ಆ "ನೀನೂ" ನನ್ನ ಬೆನ್ನಿನ ಮೇಲೆ ತಣ್ಣಗೆ ಇಳಿಯಿತು.

ಆಚಾರ್ಯರು ನನ್ನನ್ನು ಒಳಗೆ ಕೂರಿಸಿಕೊಂಡು ಹೇಳಿದರು. "ಹೆಣ ಸಿಗಲಿಲ್ಲಪ್ಪಾ. ಹೆಣ ಸಿಗದಿದ್ರ ಭಾಳ ವರ್ಷ ಕಾಯಬೇಕಂತ ಶಾಸ್ತ್ರ ಅದ. ಆದ್ರ ಅಂಬಿಗ ಹುಲಿಗೆಪ್ಪ, ಮುಳುಗಿದ್ದು ಕಣ್ಣಾರೆ ಕಂಡೀನಿ ಅಂದ. ನನ್ನ ಮಗ ಪ್ರೇತಾಗಿ ಹಸಗೊಂಡು ಅಡ್ಡಾಡ್ತಾನಲ್ಲಾ ಅಂತ ತಡಕೊಳ್ಳಾಕ ಆಗ್ಲಿಲ್ಲ. ದರ್ಭಿ, ಮುತ್ತಲ ಎಲಿ ಕೂಡ್ಸಿ ಗೊಂಬಿ ಮಾಡ್ದೆ. ಅದಕ್ಕ ನಾನ ಬೆಂಕಿ ಇಟ್ಟೆ. ಸೊಸಿಗೆ..." ಎಂದು ನಿಲ್ಲಿಸಿ, ತಮ್ಮ ತಲೆಯ ಮೇಲೆ ಕೈ ಆಡಿಸಿದರು. ಸೊಸೆ ರುಕ್ಮಿಣಿಯ ತಲೆ ಬೋಳಿಸಿದ್ದರು. ಮಗ ಮರಳಿ ಬಂದ ಮೇಲೆ ಅವಳು ಕಂಪ್ಲಿಯ ತವರಿಗೆ ಹೋಗಿದ್ದಳು.

ಉತ್ತರಕ್ರಿಯೆ ಮುಗಿದವನು ತಿರುಗಿ ಬಂದರೆ ಅವನು ಹೊಸದಾಗಿ ಹುಟ್ಟಬೇಕು: ಕೂಸಿಗೆ ಮಾಡುವಂತೆ ಸ್ನಾನ, ನಾಮಕರಣ, ಉಪನಯನ, ಕೊನೆಗೆ ಅದೇ ಹೆಂಡತಿಯೊಡನೆ ಮತ್ತೆ ಮದುವೆ. ಆದರೆ ತಲೆ ಬೋಳಿಸಿದವಳಿಗೆ ಮತ್ತೆ ತಾಳಿ ಕಟ್ಟಬಹುದೇ? ಹಿರಿಯ ಪಂಡಿತರಿಗೆ ಬರೆದು ಕೇಳಿದರೆ ಒಬ್ಬರದು ಆಗಬಹುದು, ಇನ್ನೊಬ್ಬರದು ಕೂಡದು. ಎಂಟು ತಿಂಗಳಿಂದ ಕಾಗದಗಳು ಓಡಾಡುತ್ತಿದ್ದವು. ಅಲ್ಲಿಯತನಕ ಶ್ಯಾಮ ಜಗುಲಿಯಲ್ಲಿ. ಒಳಗಿನ ಎಲೆಯಲ್ಲಿ ಬಡಿಸಿದರೆ ಮುಟ್ಟುವುದಿಲ್ಲ, ಕೊಟ್ಟ ನೀರು ಕುಡಿಯುವುದಿಲ್ಲ. ಎಲ್ಲರ ಊಟವಾದ ಮೇಲೆ ಹಿತ್ತಲಲ್ಲಿ ಕಾಗೆಗೆ ಇಟ್ಟದ್ದನ್ನು ತಿನ್ನುತ್ತಾನೆ.

"ಇನ್ನ ಎಂಟು ದಿನಕ್ಕ ಷಷ್ಠಿ, ಅವನ ತಿಥಿ," ಎಂದರು ಆಚಾರ್ಯರು. "ಮಾಡಿದ್ರ ಮಗನಿಗೆ ದ್ರೋಹ, ಬಿಟ್ರ ಕೊಟ್ಟ ಪಿಂಡಕ್ಕ ದ್ರೋಹ. ಅವನು ಏನಂತಾನ ಗೊತ್ತೇನು? 'ನೀವು ಚಿಂತಿ ಮಾಡಬ್ಯಾಡ್ರಿ ಅಪ್ಪಾ, ಆ ದಿನ ನಾನ ಹೋಗಿ ಎಲ್ಲಾ ಸರಿ ಮಾಡ್ತೀನಿ' ಅಂತ."

ಎಲ್ಲಿಗೆ ಹೋಗುತ್ತಾನೆಂದು ನಾನು ಕೇಳಲಿಲ್ಲ. ಹೊಳೆ ತುಂಬಿ ಹರಿಯುತ್ತಿತ್ತು.

ಸಂಡೂರು

ಹೊಳೆಗೆ ಬಿದ್ದವನು ಕೆಳಗೆಲ್ಲೋ ಬಂಡೆಗೆ ಸಿಕ್ಕಿ, ಮೀನುಗಾರರ ಗುಡಿಸಲಲ್ಲಿ ಜ್ವರದಲ್ಲಿ ಬಿದ್ದಿದ್ದು, ಎದ್ದ ಮೇಲೆ ಮನೆಗೆ ಬಾರದೆ ಸಂಡೂರಿನ ಗಣಿಯಲ್ಲಿ ಹದಿನಾಲ್ಕು ತಿಂಗಳು ಕೆಲಸ ಮಾಡಿದ್ದ. ಇಷ್ಟು ಆಚಾರ್ಯರಿಗೂ ತಿಳಿದಿತ್ತು. ಯಾಕೆ ಬರಲಿಲ್ಲ ಎಂಬುದು ಯಾರಿಗೂ ತಿಳಿದಿರಲಿಲ್ಲ. ನನ್ನ ಪದ್ಧತಿಯ ಪ್ರಕಾರ ರೋಗಿಯ ಹಿಂದಿನ ಜೀವನ ಕೆದಕಬೇಕು. ಮರುದಿನ ಬೆಳಿಗ್ಗೆ ಸಂಡೂರಿನ ಬಸ್ಸು ಹತ್ತಿದೆ.

ಎರಡು ಗುಡ್ಡಗಳು ಒಂದಕ್ಕೊಂದು ಒರಗುವಷ್ಟು ಹತ್ತಿರ ಬಂದು ನಡುವೆ ದಾರಿ ಬಿಟ್ಟಿವೆ. ಅದರೊಳಗೆ ನುಗ್ಗಿದೊಡನೆ ಹಸಿರು ಕಣಿವೆ. ಹಿಂದೆ ಬಿಟ್ಟ ಬಯಲಿಗೂ ಅದಕ್ಕೂ ಸಂಬಂಧವೇ ಇಲ್ಲ. ಯಶವಂತನಗರದ ಕಡೆಯ ಗಣಿಯಲ್ಲಿ ಮ್ಯಾಂಗನೀಸ್ ಅದಿರು ಹೊರುವವರ ಮೈಯೆಲ್ಲ ಕಪ್ಪು. ಗಂಡಸು ಯಾರು, ಹೆಂಗಸು ಯಾರು, ವಯಸ್ಸೆಷ್ಟು, ತಿಳಿಯದು. ಕಣ್ಣಿನ ಬಿಳುಪು ಮಾತ್ರ ಓಡಾಡುತ್ತಿತ್ತು. ಹೆಸರಿಲ್ಲದೆ ಬದುಕಬೇಕೆನ್ನುವವನಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗದು ಎನ್ನಿಸಿತು.

ಮೇಸ್ತ್ರಿ ಹುಸೇನ್ ಸಾಬ್ ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡು ಮಾತಾಡಿದ. "ಆ ಐನೋರಾ? ಭಾಳ ಛಲೋ ಮನಿಷ್ಯಾರ್ರಿ. ಹೆಸರು ಕೇಳಿದ್ರ ನಗ್ತಿದ್ರು. ಲೆಕ್ಕ ಬರ್ಕೊಡ್ರಿ ಅಂದ್ರ ಬ್ಯಾಡ, ಬುಟ್ಟಿ ಹೊರ್ತೀನಿ ಅಂದ್ರು. ಒಂದ್ ದಿನ ಮಾತ್ರ ನಂಗ ಅಂಜಿಕಿ ಬಂದಿತ್ತು ನೋಡ್ರಿ."

"ಯಾವತ್ತು?"

"ಪಂಚ್ಮಿ ಉಂಡಿ ಯಾರೋ ಕೊಟ್ಟಿದ್ರು. ಅದರ ಮಾರ್ನೇ ದಿನ. ಮಟಮಟ ಮಧ್ಯಾಹ್ನ ರೊಟ್ಟಿ ಬಿಚ್ಚಿದವರು ಹಂಗ ಸರಿಸಿಬಿಟ್ರು. ಯಾಕ್ರೀ ಅಂದ್ರ, 'ಹೊಟ್ಟಿ ತುಂಬ್ಯದ ಸಾಬ್. ಈಗ ಯಾರೋ ನಂಗ ಉಣ್ಣಾಕ ಇಟ್ರು' ಅಂದ್ರು. ಸುತ್ತ ಹರದಾರಿ ಯಾರೂ ಇರ್ಲಿಲ್ರಿ. ಅಲ್ಲಾನ ಆಣಿ, ತೇಗಿದ್ರು!"

ಅದೇ ದಿನ, ಅದೇ ಹೊತ್ತಿಗೆ, ಹೊಸಪೇಟೆಯಲ್ಲಿ ಆಚಾರ್ಯರು ವರ್ಷದ ಶ್ರಾದ್ಧ ಮಾಡಿ ಪಿಂಡ ಇಟ್ಟಿದ್ದರು.

ನಾನು ವಿವರಣೆ ಹುಡುಕಿದೆ. ಹೊಳೆಗೆ ಬಿದ್ದ ದಿನ ಅವನಿಗೆ ಗೊತ್ತು. ಮನೆಯಲ್ಲಿ ಏನು ನಡೆಯುತ್ತದೆಂದೂ ಗೊತ್ತು. ಮನಸ್ಸು ಹೊಟ್ಟೆಯನ್ನು ತುಂಬಿಸಬಲ್ಲದು. ವಿವರಣೆ ಚೊಕ್ಕವಾಗಿಯೇ ಇತ್ತು. ಆದರೂ ಬಸ್ಸು ಆ ಎರಡು ಗುಡ್ಡಗಳ ನಡುವೆ ಹೊರಬರುವಾಗ ನಾನು ಹಿಂದಿನ ಸೀಟು ಖಾಲಿಯಿದೆಯೇ ಎಂದು ಎರಡು ಸಲ ತಿರುಗಿ ನೋಡಿದೆ.

ಹಂಪಿಯ ಆಚೆ, ಹೊಳೆಯ ಮೇಲೆ

ಇನ್ನು ನನ್ನ ತಪ್ಪು. ಭಯ ಹುಟ್ಟಿದ ಜಾಗಕ್ಕೇ ರೋಗಿಯನ್ನು ಕರೆದೊಯ್ದರೆ ಭ್ರಮೆ ಒಡೆಯುತ್ತದೆ ಎಂದು ಎಲ್ಲೋ ಓದಿದ್ದೆ. ಆಚಾರ್ಯರಿಗೆ ಹಂಪಿ ನೋಡಿಬರುತ್ತೇವೆ ಎಂದಷ್ಟೇ ಹೇಳಿ, ಶ್ಯಾಮನನ್ನು ಹೊಳೆ ದಂಡೆಗೆ ಕರೆದುಕೊಂಡು ಹೋದೆ.

ಹಂಪಿಯ ಬಗ್ಗೆ ಬೇರೆಯವರು ಬರೆದಿದ್ದಾರೆ. ನನಗೆ ನೆನಪಿರುವುದು ಇಷ್ಟೇ: ಬೆಟ್ಟದಂಥ ಬಂಡೆಗಳ ನಡುವೆ ಉದ್ದದ ಬೀದಿ, ಬೀದಿಯ ಎರಡೂ ಕಡೆ ಕಂಬದ ಮಂಟಪಗಳು, ಅವುಗಳಲ್ಲಿ ಒಲೆ ಹೂಡಿ ಸಂಸಾರ ಮಾಡುತ್ತಿದ್ದ ನಾಲ್ಕಾರು ಮನೆಯವರು. ಶ್ಯಾಮ ಆ ಬೀದಿಯಲ್ಲಿ ಬಲು ಸಲೀಸಾಗಿ ನಡೆದ. ಖಾಲಿ ಮಂಟಪವೊಂದರ ಕಡೆ ಕೈ ಎತ್ತಿ ನಮಸ್ಕಾರ ಮಾಡಿದ. ಯಾರಿಗೆ ಎಂದು ಕೇಳಿದರೆ, "ಪರಿಚಯದವ್ರು" ಎಂದ.

ತಳವಾರಘಟ್ಟದ ಕಡವಿನಲ್ಲಿ ಹುಲಿಗೆಪ್ಪ ಹರಿಗೋಲಿನ ತೊಗಲಿಗೆ ಎಣ್ಣೆ ಸವರುತ್ತಿದ್ದ. ಶ್ಯಾಮನನ್ನು ಕಂಡು ಕೈಯಲ್ಲಿದ್ದ ಚಿಂದಿ ಬಿಟ್ಟ.

"ಇವರನ್ನ ಹತ್ತಿಸ್ಕೊಳ್ಳಾಂಗಿಲ್ರಿ ಸಾಮಿ."

"ಯಾಕಯ್ಯಾ?"

"ಇವರು ಮುಳುಗಿದ್ದು ನಾ ಕಂಡೀನ್ರಿ. ಹೊಳಿಗೆ ಕೊಟ್ಟದ್ದನ್ನ ಹೊಳಿ ಮ್ಯಾಲೆ ತರಬಾರ್ದ್ರಿ."

ನಾನು ಡಾಕ್ಟರು ಎಂದೆ, ವಿದ್ಯಾವಂತನ ದನಿಯಲ್ಲಿ ಗದರಿದೆ. ಅವನು ತನ್ನ ದೇವಿ ಹುಲಿಗೆಮ್ಮನಿಗೆ ಕೈ ಮುಗಿದು ಹರಿಗೋಲು ನೀರಿಗೆ ತಳ್ಳಿದ.

ಆ ಕೆಂಪು ನೀರು ನಮ್ಮ ಸೀಮೆಯದೇ, ಮಲೆನಾಡಿನ ಮಳೆ. ಯಾರ ಅಪ್ಪಣೆಯೂ ಇಲ್ಲದೆ ಗಡಿ ದಾಟಿ ಬಂದಿತ್ತು. ಊರಿನವರನ್ನು ಕಂಡಂಥ ಆ ಸಂತೋಷ ಅರ್ಧ ಹೊಳೆಯವರೆಗೆ ಮಾತ್ರ. ನಡುನೀರಿನಲ್ಲಿ ಶ್ಯಾಮ ಎದ್ದು ನಿಂತ. ಹರಿಗೋಲು ಬುಟ್ಟಿಯಂಥದ್ದು, ಒಬ್ಬ ನಿಂತರೆ ಅಂಚು ನೀರಿಗೆ ತಾಗುತ್ತದೆ.

"ಕುಂದ್ರಿ ಸಾಮೀ!" ಎಂದು ಹುಲಿಗೆಪ್ಪ ಕೂಗಿದ.

"ಲೇ ಸುಬ್ಬು," ಎಂದ ಶ್ಯಾಮ, ಹಾಸ್ಟೆಲಿನಲ್ಲಿ ವಾದಕ್ಕೆ ಕರೆಯುವ ಅದೇ ದನಿ. "ನೀ ಬದುಕೀದಿ ಅಂತ ಹೆಂಗ ಹೇಳ್ತಿ?"

"ನಾಡಿ ಬಡಿತಿದೆ ಕಣೋ. ನಿಂದೂ ಬಡಿತಿದೆ. ಕೂತ್ಕೋ."

"ನಂದು ಬಡದ್ರೂ ತಿಥಿ ಆತಲ್ಲಾ. ಹಂಗಾರ ನಾಡಿ ಸಾಕ್ಷಿ ಅಲ್ಲ. ಬ್ಯಾರೆ ಹೇಳು."

"ನಾನು ನಿನ್ನ ಹತ್ರ ಮಾತಾಡ್ತಾ ಇದೀನಲ್ಲ!"

"ಸತ್ತವನ ಕೂಡ ಮಾತಾಡಾವ ಬದುಕ್ಯಾನಂತ ಯಾವ ತರ್ಕ?"

ಹುಲಿಗೆಪ್ಪ ಅವನ ಪಂಚೆ ಹಿಡಿದೆಳೆಯಲು ಹೋದ. ಹುಟ್ಟು ಕೈಜಾರಿ ನೀರಿಗೆ ಬಿತ್ತು. ಹರಿಗೋಲು ತಿರುಗತೊಡಗಿತು. ದಂಡೆ, ಬಂಡೆ, ಮುರಿದ ಮಂಟಪ, ಆಚೆ ದಂಡೆ. ಮತ್ತೆ ದಂಡೆ, ಬಂಡೆ, ಮಂಟಪ. ನನಗೆ ಈಜು ಬಾರದು.

"ದಂಡಿ ನೋಡು," ಎಂದ ಶ್ಯಾಮ, ಮೆಲ್ಲಗೆ. "ನಿನ್ನ ಸಲುವಾಗಿ ಯಾರರೆ ನಿಂತಾರೇನು? ನೀನೂ ಆಗಲೇ ಬಿದ್ದೀದಿ. ಹುಲಿಗೆಪ್ಪ ಹೋಗಿ ಹೇಳ್ತಾನ."

ದಂಡೆಯಲ್ಲಿ ಯಾರೂ ಇರಲಿಲ್ಲ. ಮುಂದಿನ ಸುತ್ತಿನಲ್ಲಿ ನೋಡಿದೆ, ಆಗಲೂ ಇಲ್ಲ. ಆಮೇಲಿನದನ್ನು ಯಾರಿಗೂ ಹೇಳಿಲ್ಲ. ಒಂದು ಕ್ಷಣ ನಾನು ದಂಡೆಯ ಮೇಲೆ ನಿಂತು ಹೊಳೆ ನೋಡುತ್ತಿದ್ದೆ. ಹರಿಗೋಲಿನಲ್ಲಿ ಇಬ್ಬರೇ ಇದ್ದರು.

ಆ ಕ್ಷಣದಲ್ಲಿ ನನ್ನ ಪದ್ಧತಿ, ಪಾಂಡಿತ್ಯ ಎಲ್ಲ ಹೋಯಿತು. ಅವನನ್ನು ಗೆಲ್ಲಬೇಕೆಂಬ ಆಸೆಯೂ ಹೋಯಿತು. ಶುದ್ಧ ಭಯದಿಂದ, ನಿಜವಾಗಿಯೂ ತಿಳಿಯಬೇಕೆಂದು, ಕೇಳಿದೆ: "ಶ್ಯಾಮ, ಸತ್ತಿರೋದು ಅಂದ್ರೆ ಹೇಗಿರುತ್ತೆ?"

ಅವನು ನನ್ನನ್ನು ನೋಡಿದ. ಎಂಟು ತಿಂಗಳಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ಎಲ್ಲರೂ ನೀನು ಸತ್ತಿಲ್ಲ ಎಂದು ಹೇಳಿದವರೇ.

"ಹೇಳ್ತೀನಿ," ಎಂದು, ಹೇಳುವುದಕ್ಕಾಗಿ, ಕುಳಿತ.

ಅಂಚು ನೀರಿನಿಂದ ಮೇಲೆದ್ದಿತು. ಹರಿಗೋಲು ಇನ್ನೆರಡು ಸುತ್ತು ತಿರುಗಿ ನಡುಹೊಳೆಯ ಬಂಡೆಯೊಂದಕ್ಕೆ ಬಡಿಯಿತು. ಹುಲಿಗೆಪ್ಪ ಅದರ ಬಿರುಕಿಗೆ ಬೆರಳು ಹಾಕಿ ನೇತುಬಿದ್ದ. ಒಬ್ಬೊಬ್ಬರಾಗಿ ಮೇಲೆ ಹತ್ತಿದೆವು. ಇನ್ನೊಂದು ಹರಿಗೋಲು ಬರುವವರೆಗೆ ಅರ್ಧ ಹಗಲು ಅಲ್ಲೇ. ನನಗೆ ಕೈ ಗೀರಿ ರಕ್ತ ಬರುತ್ತಿತ್ತು. ನೋಯಲಿಲ್ಲ. ಅದನ್ನು ಕಂಡು ಇನ್ನಷ್ಟು ಹೆದರಿದೆ.

ಬಂಡೆಯ ಮೇಲೆ ಶ್ಯಾಮ ಹೇಳಿದ. ಸಂಡೂರಿನಲ್ಲಿ ಊರ ಕಡೆಯವನೊಬ್ಬ, ಇವನ ಗುರುತು ಹಿಡಿಯದೆ, ಹೊಸಪೇಟೆ ಆಚಾರ್ಯರ ಮಗನ ಉತ್ತರಕ್ರಿಯೆ ಮುಗಿದ ಕಥೆ ಹೇಳಿದನಂತೆ. "ಅಳು ಬರಬೇಕಿತ್ತಲೇ. ಬರಲಿಲ್ಲ. ಹಗುರಾತು. ಇನ್ನ ಯಾರೂ ನನ್ನ ಏನೂ ಕೇಳಂಗಿಲ್ಲ ಅನಸ್ತು. ಕಚೇರಿ ಇಲ್ಲ, ಅಪ್ಪನ ಶಾಸ್ತ್ರ ಇಲ್ಲ. ಆಮ್ಯಾಲೆ ಒಂದ್ ದಿನ ಮನಿ ನೋಡಬೇಕು ಅನಸ್ತು. ಬಂದೆ. ರುಕ್ಮಿಣಿ ಬಾಗಲಾ ತೆಗದ್ಲು." ಬಂಡೆಯ ಮೇಲಿನ ಪಾಚಿಯನ್ನು ಉಗುರಿನಿಂದ ಕೆರೆದ. "ಆಕಿ ತಲಿ ನೋಡಿ ಬಾ. ಆಮ್ಯಾಲೆ ಹೇಳು, ನಾ ಬದುಕೀನಂತ."

ನಮ್ಮ ಪ್ರೊಫೆಸರು ಒಂದೇ ಪ್ರಶ್ನೆಯನ್ನು ತಿಂಗಳುಗಟ್ಟಲೆ ಎಳೆಯುತ್ತಿದ್ದರು. ಉತ್ತರ ಹೇಳಿದವನನ್ನು ಕೂರಿಸಿಬಿಡುತ್ತಿದ್ದರು: ಇದು ಯಾವ ಜಾತಿಯ ಪ್ರಶ್ನೆ, ಮೊದಲು ಅದನ್ನು ನೋಡಿ. ನಾವು ಹಿಂದಿನ ಬೆಂಚಿನಲ್ಲಿ ನಕ್ಕಿದ್ದೆವು. ಬಂಡೆಯ ಮೇಲೆ ಕುಳಿತಾಗ ಅದು ಅರ್ಥವಾಯಿತು. ಶ್ಯಾಮನ ಮಾತನ್ನು ರೋಗದ ಲಕ್ಷಣ ಎಂದು ಬರೆದುಕೊಂಡಿದ್ದೆ. ಅದು ಪ್ರಶ್ನೆಯೂ ಆಗಿತ್ತು. ಉಸಿರಾಡುವುದಕ್ಕೂ ಒಬ್ಬ ಮನುಷ್ಯನಾಗಿ ಇರುವುದಕ್ಕೂ ನಡುವೆ ಏನಿದೆ? ಮೈ ಬೇರೆ, ಆಳು ಅಂದರೆ ವ್ಯಕ್ತಿ ಬೇರೆ ಎಂದು ನಾವು ಪರೀಕ್ಷೆಗೆ ಪುಟಗಟ್ಟಲೆ ಬರೆದಿದ್ದೆವು. ಕಲ್ಲನ್ನು ಯಾರೂ ಲೆಕ್ಕ ಕೇಳುವುದಿಲ್ಲ. ಉತ್ತರ ಕೊಡಬೇಕಾದವನು ಮಾತ್ರ ಆಳು ಎಂಬ ವಾದವನ್ನು ಸಮರ್ಥಿಸಿ ನಾನೇ ಒಳ್ಳೆಯ ಅಂಕ ತೆಗೆದಿದ್ದೆ. ಟ್ರಂಕಿನೊಳಗೆ ಬಿಟ್ಟು ಬಂದದ್ದು ಅದನ್ನೇ. ಶ್ಯಾಮನ ನಾಡಿ ಹಿಡಿಯುವವರು ಬೇಕಾದಷ್ಟಿದ್ದರು. ಅವನನ್ನು ಲೆಕ್ಕ ಕೇಳುವವರು ಇರಲಿಲ್ಲ.

ಕಂಪ್ಲಿ

ಮರುದಿನವೇ ಗಾಡಿ ಕಟ್ಟಿಸಿದೆ. ಶ್ಯಾಮ ತಾನಾಗಿ ಹತ್ತಿ ಕುಳಿತ. ದಾರಿಯುದ್ದಕ್ಕೂ ಕಬ್ಬಿನ ಗದ್ದೆ, ಬಾಳೆ, ಕಾಲುವೆಯ ನೀರಿನ ಸದ್ದು. ಬುತ್ತಿಯ ರೊಟ್ಟಿ, ಶೇಂಗಾ ಚಟ್ನಿ ತಿಂದೆ. ನಾಲಿಗೆಗೆ ಖಾರ ತಿಳಿಯಲಿಲ್ಲ. ಹೊಳೆಯಿಂದ ಎದ್ದಾಗಿನಿಂದ ನನಗೆ ಹೀಗೆ ಆಗಿತ್ತು: ಬಿಸಿಯಿಲ್ಲ, ತಂಪಿಲ್ಲ. ಗಾಡಿಯ ನೆರಳಿನಲ್ಲಿ ನನ್ನ ನೆರಳು ಇದೆಯೇ ಎಂದು ಬಗ್ಗಿ ನೋಡಿಕೊಳ್ಳುತ್ತಿದ್ದೆ.

ರುಕ್ಮಿಣಿಯ ತವರು ಕೋಟೆಯ ಕಡೆ. ಶ್ಯಾಮ ಅಂಗಳದಲ್ಲೇ ನಿಂತ. ಬಾಗಿಲಿಗೆ ಬಂದವಳಿಗೆ ಇಪ್ಪತ್ತನಾಲ್ಕಿರಬೇಕು. ಕೆಂಪು ಮಡಿ ಸೀರೆ, ತಲೆಯ ಮೇಲೆ ಸೆರಗು. ಗಾಳಿಗೆ ಸೆರಗು ಸರಿಯಿತು, ಸರಿಮಾಡಿಕೊಳ್ಳಲಿಲ್ಲ. ನಾನು ಕಣ್ಣು ತಗ್ಗಿಸಿದೆ.

"ನೀವೇನ್ರಿ ಅವರ ಕೂಡ ಓದಿದವ್ರು? ಅವರು ಬದುಕ್ಯಾರ ಅಂತ ಹೇಳಾಕ ಬಂದ್ರೇನು? ನಂಗ ಗೊತ್ತದ. ಬಾಗಲಾ ತೆಗದಾಕಿ ನಾನು. ಹಂಗಾರ ನಾ ಯಾರು, ಅದನ್ನ ಹೇಳ್ರಿ. ನಾ ಮುತ್ತೈದಿಯೋ, ಏನೋ? ಮಾವನವರು ಪಂಡಿತರಿಗೆ ಬರದು ಕೇಳ್ಯಾರ. ನನ್ನ ಯಾರೂ ಕೇಳಿಲ್ಲ."

ಈ ಸಲ ತಿಳಿದವನಂತೆ ನಟಿಸಲಿಲ್ಲ. "ಗೊತ್ತಿಲ್ಲಮ್ಮ. ನಾನೂ ಕೇಳಿರಲಿಲ್ಲ," ಎಂದೆ.

ಅವಳು ಮೆಟ್ಟಿಲಿಳಿದು ಶ್ಯಾಮನ ಎದುರು ನಿಂತಳು.

"ಹದಿನಾಲ್ಕು ತಿಂಗಳು. ಸಂಡೂರೇನು ಕಾಶಿಯೇನ್ರಿ? ಒಂದು ಕಾರ್ಡು ಯಾಕ ಬರೀಲಿಲ್ಲ?"

"ನಾ ಸತ್ತ..."

"ಅದು ಬ್ಯಾಡ. ಯಾಕ ಬರೀಲಿಲ್ಲ?"

ಶ್ಯಾಮ ನನ್ನ ಕಡೆ ನೋಡಿದ. ನಾನು ಬೇರೆ ಕಡೆ ನೋಡಿದೆ. ವೈದ್ಯನಾಗಿ ಅಂದು ನಾನು ಮಾಡಿದ ಸರಿಯಾದ ಕೆಲಸ ಅದೊಂದೇ.

"ಹೇಳ್ರಿ. ನಾ ಕಾಯ್ತೀನಿ. ಕಾಯೂದು ನಂಗ ರೂಢಿ ಅದ."

ಅಂಗಳದಲ್ಲಿ ಕಾಗೆಯೊಂದು ಕುಪ್ಪಳಿಸುತ್ತಿತ್ತು. ಅದು ಹಾರಿಹೋಗಿ, ಮತ್ತೆ ಬಂದು ಕುಳಿತ ಮೇಲೆ ಶ್ಯಾಮ ಬಾಯಿ ತೆರೆದ.

"ಆರಾಮ ಅನಸಿತ್ತು," ಎಂದ.

ಅವಳ ಮುಖ ಬಿಳಿಚಿತು. ಹೊಡೆಯುತ್ತಾಳೆಂದುಕೊಂಡೆ. ಒಳಗೆ ಹೋದಳು, ಪಾತ್ರೆ ಕುಕ್ಕಿದ ಸದ್ದು ಕೇಳಿಸಿತು. ಒಂದು ತಂಬಿಗೆ ನೀರು ತಂದು ಅವನ ಎದೆಗೆ ತಾಗುವಂತೆ ಹಿಡಿದಳು.

"ಕುಡೀರಿ. ಇನ್ನೂ ಕೇಳೂದು ಭಾಳ ಅದ."

ಅವನು ತಂಬಿಗೆ ಎರಡೂ ಕೈಯಲ್ಲಿ ಹಿಡಿದ. ಬಾಯಿಗೆ ಎತ್ತುವಾಗ ಅರ್ಧ ಚೆಲ್ಲಿತು. ಉಳಿದದ್ದನ್ನು ಕುಡಿದ. ಕುಡಿಯುತ್ತಲೇ ಅಳತೊಡಗಿದ, ಮಗು ಅಳುವ ಹಾಗೆ, ಗಟ್ಟಿಯಾಗಿ, ನಾಚಿಕೆಯಿಲ್ಲದೆ. ಅವಳು ಸಮಾಧಾನ ಮಾಡಲಿಲ್ಲ. ಅಳು ಮುಗಿಯಲೆಂದು ನಿಂತಿದ್ದಳು, ಮುಂದಿನ ಪ್ರಶ್ನೆಗೆ.

ಷಷ್ಠಿ ಬಂದು ಹೋಯಿತು. ಮೊನ್ನೆ ಆಚಾರ್ಯರ ಕಾರ್ಡು ಬಂದಿದೆ. ಶ್ರಾದ್ಧ ಮಾಡಿದೆನೆಂದೂ ಇಲ್ಲ, ಬಿಟ್ಟೆನೆಂದೂ ಇಲ್ಲ. ಮಗ ಕಂಪ್ಲಿಯಲ್ಲೇ ಇದ್ದಾನೆ, ಎಲೆಯಲ್ಲಿ ಉಣ್ಣುತ್ತಾನೆ, ಪಂಡಿತರಿಗೆ ಬರೆಯುವುದನ್ನು ನಿಲ್ಲಿಸಿದ್ದೇನೆ ಎಂದಿದೆ. ಅವನು ವಾಸಿಯಾದನೆಂದು ನಾನು ಹೇಳಲಾರೆ. ರುಕ್ಮಿಣಿ ಅವನನ್ನು ಕ್ಷಮಿಸಿದಳೆಂದಂತೂ ಹೇಳಲಾರೆ.

ಆದರೆ ಆ ದಿನ ಅಂಗಳದಲ್ಲಿ, ಹೊಳೆಯ ಕಥೆಯನ್ನೂ ಅವನ ಬಾಯಿಂದ ಕೇಳಿದ ಮೇಲೆ, ಅವಳು ನನ್ನ ಕಡೆಗೂ ತಿರುಗಿದಳು.

"ನೀವು ಹೇಳ್ರಿ. ತುಂಬಿದ ಹೊಳಿಗೆ ಅವರನ್ನ ಯಾಕ ಕರ್ಕೊಂಡು ಹೋದ್ರಿ? ಅಂಬಿಗ ಬ್ಯಾಡ ಅಂದಿದ್ದನಂತ."

ಪದ್ಧತಿ ಎಂದು ಶುರುಮಾಡಿದೆ. ರೋಗಿಯ ಭಯದ ಮೂಲ ಎಂದೆ. ಅವಳು ಕೇಳುತ್ತಲೇ ಇದ್ದಳು. ನನ್ನ ಮಾತು ನನಗೇ ಕೇಳಿಸಿ ನಿಂತುಹೋಯಿತು.

"ತಪ್ಪು ಮಾಡಿದೆನಮ್ಮ," ಎಂದೆ. "ಎಲ್ಲ ಗೊತ್ತಿದೆ ಅಂದ್ಕೊಂಡಿದ್ದೆ. ಮೂರು ಜನ ಸಾಯ್ತಿದ್ವಿ."

ಅವಳು ಪರವಾಗಿಲ್ಲ ಎನ್ನಲಿಲ್ಲ. "ಕುಂದ್ರಿ," ಎಂದಳು, ಜಗುಲಿ ತೋರಿಸಿ.

ಕುಳಿತೆ. ಕಲ್ಲು ಮಧ್ಯಾಹ್ನದ ಬಿಸಿಲಿಗೆ ಕಾದಿತ್ತು. ಸುಟ್ಟಿತು. ಏಳಲಿಲ್ಲ.